ಅರವತ್ತು ಲೀಟರಿನ ನೀರಗಂಟಿ

ಗುಡಿಬಂಡೆಯ ಶುದ್ಧ ನೀರಿನ ಘಟಕದ ಮುಂದೆ
ವ್ಯಾನು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದೆ.
ಹರಾಜಿನಲ್ಲಿ ಕೊಂಡ ಹಳೇ ಆಂಬುಲೆನ್ಸು.
ಸ್ಟ್ರೆಚರಿನ ಕಂಬಿ ಇನ್ನೂ ನೆಲದಲ್ಲಿದೆ,
ರೋಗಿ ಮಲಗುತ್ತಿದ್ದ ಜಾಗದಲ್ಲೀಗ
ಟ್ಯಾಂಕು ಮಲಗಿದೆ, ಬೆಲ್ಟು ಬಿಗಿಸಿಕೊಂಡು.
ನಾನೂ ಹತ್ತೊಂಬತ್ತು ವರ್ಷ ಇಂಥದರಲ್ಲೇ ಕೂತು
ಸಲೈನು ತೊಟ್ಟಿಕ್ಕುವುದನ್ನು ನೋಡಿದವಳು.
ಹನಿ ಎಣಿಸುವ ಚಟ ಹೋಗಿಲ್ಲ.

ಐದು ರೂಪಾಯಿ ನಾಣ್ಯಕ್ಕೆ ಇಪ್ಪತ್ತು ಲೀಟರು.
ಮೂರು ನಾಣ್ಯ ಅಂಗೈಯಲ್ಲಿ ಬೆಚ್ಚಗಾಗಿದ್ದವು.
ಘಟಕದ ಗಂಗುಲಪ್ಪ ಸ್ಟೂಲಿನಿಂದೆದ್ದು ಬಂದು
ಬೆರಳ ಗೆಣ್ಣಿನಿಂದ ಟ್ಯಾಂಕು ಕುಟ್ಟಿ, ಕಿವಿಗೊಟ್ಟು,
"ಎಂತ ಪಡ್ತುಂದಮ್ಮಾ?" ಎಂದ.
ಅರವತ್ತು, ಎಂದೆ.
ಸಾಲಿನಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ತಿರುಗಿದವು.

ಇಲ್ಲಿ ಮನೆಗೆರಡು ಕ್ಯಾನು, ಅಷ್ಟೆ.
"ನಿಮ್ಮ ಮನೆ ಎಲ್ಲಿ?"
ಇದೇ.
"ಚಕ್ರ ಇರೋದು ಮನೆ ಹೆಂಗಾಗ್ತದೆ?"
ಕ್ಯಾನಿನ ಮೇಲೆ ಕೂತಿದ್ದ ಅಲುವೇಲಮ್ಮ ಎದ್ದಳು,
ತಲೆ ಒಳಗೆ ತೂರಿಸಿ ವಿಚಾರಣೆಗಿಳಿದಳು.
"ಒಲೆ ಐತಾ?"
ಇದೆ, ಒಂದೇ ಉರಿ.
"ಪೊರಕೆ?"
ಬಾಗಿಲ ಹಿಂದಿನಿಂದ ತೆಗೆದು ತೋರಿಸಿದೆ.
ಪೊರಕೆಯ ಸವೆದ ತುದಿ ನೋಡಿ ಅವಳು ತೀರ್ಪು ಕೊಟ್ಟಳು:
"ಮನೇನೇ. ಎರಡು ಕ್ಯಾನು."

ಒಂದೇ ಮಾತಿನಲ್ಲಿ ಮನೆ ಸಿಕ್ಕಿತು,
ಇಪ್ಪತ್ತು ಲೀಟರು ಹೋಯಿತು.

ನೀಲಿ ಪೈಪು ಬಿಚ್ಚಿದೆ. ಬಾಯಿ ನೆಲಕ್ಕೆ ತಾಗಬಾರದು,
ಸೂಜಿಯ ಹಾಗೆ. ಎರಡು ತುದಿಗೂ ಬಟ್ಟೆಯ ಬಿರಡೆ,
ಇಲ್ಲದಿದ್ದರೆ ಜೇಡ ಸಂಸಾರ ಹೂಡುತ್ತದೆ.
ನೀರು ಬೀಳುವ ಸದ್ದು ಮೊದಲು ಟೊಳ್ಳು,
ಆಮೇಲೆ ದಪ್ಪ, ಆಮೇಲೆ ಮಾತೇ ಇಲ್ಲ.

"ನಮ್ಮ ತಾತ ಕೆರೆಗೆ ನೀರಗಂಟಿ," ಎಂದ ಗಂಗುಲಪ್ಪ.
"ಇದಕ್ಕೆ ತೂಬೆಲ್ಲಿ?"
ಅಡಿಯಲ್ಲಿನ ಹಿತ್ತಾಳೆ ನಲ್ಲಿ ತೋರಿಸಿದೆ.
"ಕೋಡಿ?"
ಕಿಟಕಿಯಾಚೆ ಇಳಿಬಿದ್ದ ಸಣ್ಣ ಕೊಳವೆ.
"ಹೂಳು?"

ತೆಗೆಯುತ್ತೇನಪ್ಪ, ಮೂರು ತಿಂಗಳಿಗೊಮ್ಮೆ.
ಬ್ಲೀಚಿಂಗ್ ಪುಡಿ ಕಲಸಿಟ್ಟು, ತಿಳಿಯಷ್ಟೇ ಬಗ್ಗಿಸಿ,
ಬಾಗೇಪಲ್ಲಿ ದಾರಿಯ ಗುಂಡಿಗಳ ಮೇಲೆ ಓಡಿಸುತ್ತೇನೆ.
ಒಳಗೋಡೆ ಉಜ್ಜುವ ಕೆಲಸ
ರಸ್ತೆ ಕಂಟ್ರಾಕ್ಟರನೇ ಪುಕ್ಕಟೆ ಮಾಡಿಕೊಡುತ್ತಾನೆ.
ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ತೂಬು ಬಿಚ್ಚಿ,
ಎರಡು ಸಲ ತೊಳೆದು, ಲೋಟ ಮೂಗಿಗೆ ಹಿಡಿಯುತ್ತೇನೆ.
ಆಸ್ಪತ್ರೆಯ ವಾಸನೆ ಹೋಗುವ ತನಕ ಕುಡಿಯುವುದಿಲ್ಲ.
ಆ ವಾಸನೆಯಲ್ಲಿ ಉಂಡದ್ದು ಸಾಕು.

ಅವನು ಬಹಳ ಹೊತ್ತು ಯೋಚಿಸಿದ.
"ಎಲ್ಲಾ ಐತೆ. ಏರಿ ಒಂದಿಲ್ಲ.
ತಾತ ಏರಿ ಮ್ಯಾಲೆ ಮಲಗಿ
ಬೆನ್ನಲ್ಲೇ ನೀರಿನ ಮಟ್ಟ ಹೇಳ್ತಿದ್ದ."

ರಾತ್ರಿ ಬೆಟ್ಟದ ಬುಡದಲ್ಲಿ ನಿಲ್ಲಿಸಿದೆ.
ಟ್ಯಾಂಕಿನ ಮೇಲಿನ ಹಲಗೆ ನನ್ನ ಮಂಚ.
ಮಗ್ಗುಲಾದಾಗ ಅದೂ ಮಗ್ಗುಲಾಯಿತು, ಕುಳಕ್ಕೆಂದು.
ಟೀಗೆ ಒಂದೂವರೆ ಲೋಟ, ಅನ್ನಕ್ಕೆ ಎರಡು,
ಪಾತ್ರೆಗೆ ಅನ್ನ ತೊಳೆದ ನೀರೇ ಸಾಕು,
ಮುಖಕ್ಕೆ ಒಂದು ಚೊಂಬು, ಕಾಲಿಗೆ ನಾಳೆ.
ಮೂರನೆಯ ನಾಣ್ಯ ದಿಂಬಿನಡಿ ಒತ್ತುತ್ತಿತ್ತು.

ನಸುಕಿಗೆ ಯಾರೋ ತಗಡು ಬಡಿದರು.
ಹಳೇ ಅಭ್ಯಾಸ, ಚಪ್ಪಲಿ ಹುಡುಕದೆ ಎದ್ದೆ.
ಕೈಯಲ್ಲಿ ಚೊಂಬು ಹಿಡಿದು ಅಲುವೇಲಮ್ಮ.
ರಾತ್ರಿಯಿಂದ ಕರೆಂಟಿಲ್ಲ, ಘಟಕ ಬಂದ್,
ಸೊಸೆ ಮಾತ್ರೆ ನುಂಗಬೇಕು,
ಬೋರಿನ ನೀರು ಬಾಯಿಗಿಟ್ಟರೆ ವಾಂತಿ.
"ನಿಮ್ಮನೇಲಿ ನೀರೈತಾ?"

ಸ್ವಿಚ್ಚೊತ್ತಿದೆ. ಪಂಪು ಗುರ್ರೆಂದಿತು.
ಮೀಟರಿನ ದೀಪ ಅರ್ಧ ಎನ್ನುತ್ತಿತ್ತು.
ಅದರ ಮಾತು ನಂಬಿ ಕೆಟ್ಟಿದ್ದೇನೆ.
ಬಗ್ಗಿ, ಗೆಣ್ಣಿನಿಂದ ಕುಟ್ಟಿ ಕೇಳಿದೆ, ಅವಳೂ ಬಗ್ಗಿ ಕೇಳಿದಳು.
ಚೊಂಬು ತುಂಬುತ್ತಾ ಬಂತು.